ಲೆಕ್ಕ ತಾಳೆಯಾಗುವ ತನಕ

ನನಗೀಗ ಎಪ್ಪತ್ತಾರು. ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತಿಕೆ. ಈಗಿನ ಕೆಲಸವೆಂದರೆ ಬೆಳಗ್ಗೆ ವಾಕಿಂಗು, ಮಧ್ಯಾಹ್ನ ನಿದ್ದೆ, ರಾತ್ರಿ ಸ್ವೀಡನ್ನಿನ ಪತ್ತೇದಾರಿ ಕತೆ.

‘ದೇವರ ನಾಮ ಕೇಳೋ ವಯಸ್ಸಲ್ಲಿ ಕೊಲೆ ಕತೆ ಓದ್ತೀರಲ್ರೀ!’ ಎಂದು ನನ್ನ ಹೆಂಡತಿ ಆಕ್ಷೇಪಿಸುತ್ತಾಳೆ. ಆದರೆ ಟಿ.ವಿ.ಯಲ್ಲಿ ಅದೇ ಕತೆ ಬಂದಾಗ ಬಟಾಣಿ ಸುಲಿಯುವ ನೆಪದಲ್ಲಿ ಪಕ್ಕದಲ್ಲೇ ಬಂದು ಕೂರುತ್ತಾಳೆ.

ಈ ಚಟ ಹಳೆಯದು. ಕಾಲೇಜಿನಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು, ಅಕೌಂಟೆನ್ಸಿ ಪುಸ್ತಕದ ಒಳಗಿಟ್ಟು ಓದುತ್ತಿದ್ದೆ. ಕೆಲಸ ಸಿಕ್ಕಿದ ಮೇಲೆ ಲೆಡ್ಜರು ಬಿಟ್ಟು ಬೇರೇನೂ ಓದಲಿಲ್ಲ. ನಿವೃತ್ತನಾದ ಮೇಲೆ ಮಗ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟ. ‘ಸ್ವೀಡನ್ನಿನದು, ಅನುವಾದ. ಸ್ವಲ್ಪ ನಿಧಾನ ಅಪ್ಪ, ನಿಮಗೆ ಹಿಡಿಸುತ್ತೋ ಇಲ್ಲವೋ’ ಎಂದ. ಆ ನಿಧಾನವೇ ನನಗೆ ಹಿಡಿಸಿತು.

ಪುಸ್ತಕದ ಹೆಸರು ‘ರೋಸಿಯಾನಾ’. 1965ರಲ್ಲಿ ಬಂದದ್ದು. ಬರೆದವರು ಇಬ್ಬರು, ಮಾಯ್ ಶೋವಾಲ್ ಮತ್ತು ಅವರ ಬಾಳಸಂಗಾತಿ ಪೇರ್ ವಾಲೋ. ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಕುಳಿತು, ಒಂದು ಅಧ್ಯಾಯ ಇವರು, ಮುಂದಿನದು ಅವರು ಎಂಬಂತೆ ಬರೆಯುತ್ತಿದ್ದರಂತೆ. ಹೀಗೆ ಹತ್ತು ವರ್ಷದಲ್ಲಿ ಹತ್ತು ಕಾದಂಬರಿ. 1975ರಲ್ಲಿ ವಾಲೋ ತೀರಿಕೊಂಡರು. ಮಾಲೆ ಅಲ್ಲಿಗೆ ಮುಗಿಯಿತು.

ಸ್ವೀಡನ್ನಿನಲ್ಲಿ ಯೋಟಾ ಕಾಲುವೆ ಎಂಬ ಹಳೆಯ ಕಾಲುವೆಯಿದೆ. 190 ಕಿಲೋಮೀಟರ್ ಉದ್ದ, 58 ಕಡೆ ನೀರೇರಿಸಿ ಇಳಿಸುವ ಬಾಗಿಲುಗಳು. ಅಲ್ಲಿ ಹೂಳೆತ್ತುವಾಗ ಒಬ್ಬ ಹೆಣ್ಣುಮಗಳ ಶವ ಸಿಗುವುದರಿಂದ ಕತೆ ಶುರುವಾಗುತ್ತದೆ. ಆಕೆ ಯಾರು? ಯಾರಿಗೂ ಗೊತ್ತಿಲ್ಲ. ಹೆಸರು ತಿಳಿಯುವುದಕ್ಕೇ ತಿಂಗಳುಗಳು ಬೇಕಾಗುತ್ತವೆ. ಆಕೆ ಪ್ರಯಾಣ ಮಾಡಿದ ಹಡಗಿನಲ್ಲಿದ್ದ ಪ್ರವಾಸಿಗರು ತೆಗೆದ ಫೋಟೋಗಳನ್ನು, ಸಿನಿಮಾ ರೀಲುಗಳನ್ನು ಊರೂರುಗಳಿಂದ ತರಿಸಿಕೊಂಡು ಪೊಲೀಸರು ಒಂದೊಂದಾಗಿ ನೋಡುತ್ತಾರೆ. ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ಆ ಅಧ್ಯಾಯ ಓದುವಾಗ ವರ್ಷಾಂತ್ಯದ ಲೆಕ್ಕ ಮುಗಿಸಲು ರಾತ್ರಿ ಹನ್ನೊಂದರವರೆಗೆ ವೋಚರು ತಿರುವಿಹಾಕುತ್ತಿದ್ದ ನಮ್ಮ ಶಾಖೆಯೇ ಕಣ್ಮುಂದೆ ಬಂತು.

ಪತ್ತೇದಾರ ಮಾರ್ಟಿನ್ ಬೆಕ್ ಶೂರನೇನಲ್ಲ. ಅವನಿಗೆ ಹೊಟ್ಟೆನೋವು, ಮೇಲಿಂದ ಮೇಲೆ ನೆಗಡಿ. ಬಿಡುವಿದ್ದಾಗ ಆಟಿಕೆ ಹಡಗು ಜೋಡಿಸುತ್ತಾನೆ. ಅವನ ಜೊತೆಗಾರ ಮೆಲಾಂಡರ್‌ಗೆ ಅಪಾರ ನೆನಪಿನ ಶಕ್ತಿ. ಆದರೆ ಬೇಕೆಂದಾಗಲೆಲ್ಲ ಅವನು ಪಾಯಿಖಾನೆಯಲ್ಲಿರುತ್ತಾನೆ! ಅಂಥವನೊಬ್ಬ ನಮ್ಮ ಬ್ಯಾಂಕಿನಲ್ಲೂ ಇದ್ದ.

ಟಿ.ವಿ.ಯಲ್ಲಿ ಬೆಕ್‌ನ ಪಾತ್ರಕ್ಕೆ ಕುತ್ತಿಗೆಪಟ್ಟಿ ಹಾಕಿಕೊಂಡ ಒಬ್ಬ ನೆರೆಮನೆಯವನನ್ನು ಕೊಟ್ಟಿದ್ದಾರೆ. ಬಾಲ್ಕನಿಯಲ್ಲಿ ನಿಂತು ಅವನಾಡುವ ವಿಚಿತ್ರ ಮಾತಿಗಾಗಿಯೇ ನಾವಿಬ್ಬರೂ ಕಾಯುತ್ತೇವೆ. ನನ್ನ ಹೆಂಡತಿಗೆ ಅದಕ್ಕಿಂತ ಇಷ್ಟವಾದವನು ಹೆನಿಂಗ್ ಮಾಂಕೆಲ್ ಎಂಬ ಲೇಖಕರ ಪೊಲೀಸ್ ಅಧಿಕಾರಿ ವಾಲಾಂಡರ್. ಸ್ವೀಡನ್ನಿನ ದಕ್ಷಿಣದ ತುದಿಯಲ್ಲಿ, ಸಮುದ್ರದ ಪಕ್ಕದ ಯಸ್ಟಾಡ್ ಎಂಬ ಸಣ್ಣ ಊರಿನವನು. ಅವನ ಮುದಿ ತಂದೆ ಚಿತ್ರಕಾರ. ಜೀವನಪೂರ್ತಿ ಒಂದೇ ಚಿತ್ರ ಬರೆಯುತ್ತಾನೆ: ಅದೇ ಕಾಡು, ಅದೇ ಸಂಜೆ. ಕೆಲವದರಲ್ಲಿ ಕಾಡುಕೋಳಿಯಂಥ ಒಂದು ಹಕ್ಕಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಅಪ್ಪನಿಗೆ ಮಗ ಪೊಲೀಸ್ ಆದದ್ದು ಕೊನೆಯವರೆಗೂ ಹಿಡಿಸುವುದಿಲ್ಲ. ‘ಕಳ್ಳರನ್ನು ಹಿಡಿಯೋದು ಹಾಗಿರಲಿ, ಪಾಪ, ಇವನು ಅಪ್ಪನ ಹತ್ತಿರ ಮಾತಾಡೋದು ಹೇಗೆ ಅಂತ ಒದ್ದಾಡ್ತಾನೆ ನೋಡಿ’ ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾಳೆ. ನಾನು ಬಟಾಣಿ ಬುಟ್ಟಿಯತ್ತ ನೋಡುತ್ತೇನೆ.

ಇವೆಲ್ಲ ದೊಡ್ಡವರ ಕತೆಗಳು. ಮಕ್ಕಳೇ, ನಿಮಗೆ ಬೇರೆ ದಾರಿಯಿದೆ. ಆರನೇ ತರಗತಿಯ ನನ್ನ ಮೊಮ್ಮಗಳು ‘ನಂಗೂ ಪತ್ತೇದಾರಿ ಕತೆ ಬೇಕು ತಾತ’ ಎಂದು ಹಟ ಹಿಡಿದಾಗ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಪುಸ್ತಕ ತರಿಸಿದೆ. ತುಂಟ ಹುಡುಗಿ ಪಿಪ್ಪಿಯ ಕತೆ ಬರೆದವರು ಇವರೇ. ಇವರ ಬಾಲಪತ್ತೇದಾರ ಕಾಲೆ ಬ್ಲೂಮ್‌ಕ್ವಿಸ್ಟ್ 1946ರಲ್ಲಿ ಹುಟ್ಟಿದವನು. ಇಂಗ್ಲಿಷಿನಲ್ಲಿ ಅವನ ಹೆಸರು ಬಿಲ್ ಬರ್ಗ್‌ಸನ್. ಕಿರಾಣಿ ಅಂಗಡಿಯವರ ಮಗ. ಅವನೂ ಗೆಳೆಯರೂ ‘ಕಳ್ಳರ ಭಾಷೆ’ ಆಡುತ್ತಾರೆ: ಪ್ರತಿ ವ್ಯಂಜನವನ್ನೂ ಎರಡು ಸಲ ಹೇಳಿ ನಡುವೆ ‘ಒ’ ಸೇರಿಸುವುದು. ‘ರವಿ’ ಎಂದರೆ ‘ರೊರವೊವಿ’! ನಾವು ಚಿಕ್ಕಂದಿನಲ್ಲಿ ‘ಕ’ ಭಾಷೆ ಆಡುತ್ತಿದ್ದೆವಲ್ಲ, ಅದರ ಅಣ್ಣನಂಥದು. ಒಂದು ವಾರ ನಮ್ಮ ಮನೆಯಲ್ಲಿ ಕಾಫಿ ಕೇಳುವುದೂ ಅದೇ ಭಾಷೆಯಲ್ಲಿ ನಡೆಯಿತು.

ಆ ಕತೆಯಲ್ಲಿ ಗೆಳತಿಯ ಮನೆಗೆ ಬಂದ ಒಬ್ಬ ನೆಂಟನ ಮೇಲೆ ಕಾಲೆಗೆ ಅನುಮಾನ. ರಾತ್ರಿ ಅವನು ಮಲಗಿದ್ದಾಗ ಮೆಲ್ಲಗೆ ಹೋಗಿ ಬೆರಳಚ್ಚು ತೆಗೆದುಕೊಳ್ಳುತ್ತಾನೆ. ನೆಂಟ ಕಳ್ಳನೋ ಅಲ್ಲವೋ ನಾನು ಹೇಳುವುದಿಲ್ಲ, ಓದಿಕೊಳ್ಳಿ. ಮೊಮ್ಮಗಳು ಕೇಳಿದ್ದು ಬೇರೆ ಪ್ರಶ್ನೆ. ‘ಅನುಮಾನ ಬಂದೇ ಬಿಟ್ಟಿತಲ್ಲ ತಾತ, ಮತ್ತೆ ಬೆರಳಚ್ಚು ಯಾಕೆ?’

ಉತ್ತರವಾಗಿ, ಯಾರಿಗೂ ಹೇಳದ ಒಂದು ಕತೆಯನ್ನು ಅವಳಿಗೆ ಹೇಳಿದೆ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಒಂದು ಸಂಜೆ ನಮ್ಮ ಶಾಖೆಯಲ್ಲಿ 2,700 ರೂಪಾಯಿ ಕಡಿಮೆ ಬಿತ್ತು. ಆಗ ಅದು ಒಂದು ತಿಂಗಳ ಸಂಬಳಕ್ಕಿಂತ ಬಹಳ ಹೆಚ್ಚು. ಕ್ಯಾಷಿಯರ್ ಹೊಸ ಹುಡುಗ. ಹಿಂದಿನ ವಾರವಷ್ಟೇ ತಂದೆಯ ಆಸ್ಪತ್ರೆ ಖರ್ಚಿಗೆಂದು ನಮ್ಮಲ್ಲಿ ಕೆಲವರ ಹತ್ತಿರ ಸಾಲ ಕೇಳಿದ್ದ. ಯಾರೂ ಏನೂ ಅನ್ನಲಿಲ್ಲ. ಆದರೆ ಎಲ್ಲರೂ ಅವನ ಮುಖ ನೋಡಿದೆವು. ನಾನೂ ನೋಡಿದೆ. ಅವನು ನೋಟಿನ ಕಟ್ಟುಗಳನ್ನು ಮೂರನೇ ಸಲ ಎಣಿಸುತ್ತಿದ್ದ, ಕೈ ನಡುಗುತ್ತಿತ್ತು.

ಹಿರಿಯ ಗುಮಾಸ್ತರೊಬ್ಬರು ಮಾತ್ರ ಕಾಗದದ ಚೂರಿನ ಮೇಲೆ 2,700ನ್ನು ಒಂಬತ್ತರಿಂದ ಭಾಗಿಸಿದರು. ಶೇಷ ಸೊನ್ನೆ. ‘ಯಾರೋ ಅಂಕಿ ಅದಲುಬದಲು ಬರೆದಿರಬಹುದು, ಚಲನ್ ತೆಗೀರಿ’ ಎಂದರು. ಮಕ್ಕಳೇ, ನೀವೂ ಮಾಡಿ ನೋಡಿ: ಯಾವುದೇ ಸಂಖ್ಯೆಯ ಎರಡು ಅಂಕಿ ಅದಲುಬದಲು ಮಾಡಿ ಕಳೆದರೆ, ಉತ್ತರ ಒಂಬತ್ತರಿಂದ ಭಾಗವಾಗುತ್ತದೆ. ರಾತ್ರಿ ಎಂಟೂವರೆಗೆ ಚಲನ್ ಸಿಕ್ಕಿತು. ಜಮಾ ಆಗಿದ್ದು 2,500. ಪುಸ್ತಕದಲ್ಲಿ 5,200.

ಅಕ್ಷರ ನನ್ನದು.

ಎಲ್ಲರೂ ನಕ್ಕು ಹಗುರಾದರು. ಹುಡುಗ ಒಂದು ಲೋಟ ನೀರು ಕುಡಿದು, ಸೈಕಲ್ ತಳ್ಳಿಕೊಂಡು ಹೊರಟುಹೋದ. ನಾನು ‘ತಪ್ಪಾಯ್ತಪ್ಪ’ ಎನ್ನಲಿಲ್ಲ. ನಾಳೆ ಹೇಳೋಣವೆಂದುಕೊಂಡೆ. ಆ ನಾಳೆ ಬರುವ ಮೊದಲೇ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಈಗ ಫೋನ್ ಮಾಡು ತಾತ’ ಎಂದಳು.

ಹಳೆಯ ಸಹೋದ್ಯೋಗಿಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿ ನಂಬರ್ ಹುಡುಕಲು ಹದಿನೈದು ದಿನ ಹಿಡಿಯಿತು. ಬೆಕ್‌ನ ತಾಳ್ಮೆ ನನಗಾಗ ಕೆಲಸಕ್ಕೆ ಬಂತು. ಕೊನೆಗೆ ಆ ಕಡೆಯಿಂದ ‘ಹಲೋ’ ಎಂಬ ವಯಸ್ಸಾದ ದನಿ. ನನ್ನ ಹೆಸರು ಹೇಳಿದೆ. ‘ನಿಮಗೆ ಜ್ಞಾಪಕ ಇದೆಯೋ ಇಲ್ಲವೋ, ಒಂದು ಸಂಜೆ ನಮ್ಮ ಶಾಖೆಯಲ್ಲಿ...’ ಎಂದು ಶುರು ಮಾಡಿದೆ.

ಅವರು ಮುಗಿಸಲು ಬಿಡಲಿಲ್ಲ. ‘ಎರಡು ಸಾವಿರದ ಏಳುನೂರು ತಾನೇ ಸಾರ್?’ ಎಂದರು.

ನಲವತ್ತು ವರ್ಷ ಆ ಮೊತ್ತ ಅವರ ನೆನಪಿನಲ್ಲೂ ಇತ್ತು. ನಾನು ಹೇಳಬೇಕಾದ ಮಾತನ್ನು ಹೇಳಿದೆ. ಅವರು ಸ್ವಲ್ಪ ತಡೆದು, ‘ನಮ್ಮ ತಂದೆ ಆಮೇಲೆ ಹುಷಾರಾದರು ಸಾರ್’ ಎಂದರು. ಅವರ ತಂದೆ ಏನಾದರೆಂದು ನಾನು ಅದುವರೆಗೂ ಕೇಳಿರಲೇ ಇಲ್ಲ.