ಕಾಡಿಗೆ ಹೊರಟ ಒಂದು ಪ್ರಶ್ನೆ

ಬೆಳಗಾದರೆ ಪ್ರವಾಸ. ಮೈಸೂರಿನ ಶಾಲೆಯೊಂದರಲ್ಲಿ ಮೇಷ್ಟ್ರು ಮಕ್ಕಳಿಗೆ ಚೀಟಿ ಹಂಚಿದರು. ‘ಬಂಡೀಪುರದಲ್ಲಿ ಏನು ನೋಡುವ ಆಸೆ? ಬರೆಯಿರಿ.’ ಹೆಚ್ಚಿನ ಚೀಟಿಗಳಲ್ಲಿ ಇದ್ದುದು ಒಂದೇ ಪದ: ಹುಲಿ. ಕಾಡಂಚಿನ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಓದುವ ಹುಡುಗಿಯೊಬ್ಬಳು ಮಾತ್ರ ಬೇರೆ ಬರೆದಿದ್ದಳು: ‘ನಮ್ಮ ಹಸುವನ್ನು ಹುಲಿ ಹಿಡಿಯಿತು. ಅದು ಕಾಡು ಬಿಟ್ಟು ಏಕೆ ಬಂತು?’

ಮೇಷ್ಟ್ರು ಆ ಪ್ರಶ್ನೆಯನ್ನೇ ಪ್ರವಾಸದ ಗುರಿಯಾಗಿಸಿದರು. 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು ಬಂಡೀಪುರ. ಇಂದು ಅಲ್ಲಿ ಎಷ್ಟೋ ಕಡೆ ಲಂಟಾನ ಹಬ್ಬಿದೆ. ಅದರ ಪೊದೆಯಡಿ ಹುಲ್ಲು ಬೆಳೆಯದು. ಹುಲ್ಲಿಲ್ಲದ ಕಡೆ ಜಿಂಕೆಗೆ ಮೇವಿಲ್ಲ. ಜಿಂಕೆಯಿಲ್ಲದ ಕಡೆ ಹುಲಿಗೆ ಊಟವಿಲ್ಲ. ಕಾರಣ ಇದೊಂದೇ ಅಲ್ಲ. ಮುಪ್ಪಾದ, ಗಾಯಗೊಂಡ ಹುಲಿಗೆ ಕಾಡಂಚಿನಲ್ಲಿ ಮೇಯುವ ದನ ಸುಲಭದ ಬೇಟೆ.

ಸಫಾರಿ ವಾಹನದಿಂದ ಇಳಿಯುವಂತಿಲ್ಲ. ಆದರೆ ಲಂಟಾನ ಎಲ್ಲಿ, ಹುಲ್ಲು ಎಲ್ಲಿ, ಜಿಂಕೆಗಳ ಹಿಂಡು ಎಲ್ಲಿ ಎಂದು ಕುಳಿತಲ್ಲೇ ಗುರುತು ಹಾಕಿಕೊಳ್ಳಬಹುದು. ಮುಸುವ ಎಚ್ಚರಿಕೆಯ ಕೂಗು ಹಾಕಿದರೆ ಕಿವಿಗೊಡಬಹುದು. ಹುಲಿ ಕಾಣದಿದ್ದರೂ ಪುಸ್ತಕ ಖಾಲಿ ಉಳಿಯದು.

ರಾತ್ರಿ ಹುಡುಗಿ ಊರಿಗೆ ಫೋನು ಮಾಡಿದಳು. ಹಸು ಕಳೆದುಕೊಂಡ ಅಪ್ಪ ಹೇಳಿದ್ದಿಷ್ಟು: ‘ಅದ್ಕೂ ಹೊಟ್ಟೆ ಅದೆ ಕನವ್ವ. ನೋಡ್ಕಂಡ್ ಬಂದು ಹೇಳು.’