ಮಾಕಳಿದುರ್ಗದ ಬುಡದಲ್ಲಿ ಬ್ರಹ್ಮದಂಡೆ

ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಮಾಕಳಿದುರ್ಗದ ಹೆಬ್ಬಂಡೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಬಂದವರೆಲ್ಲ ಮೇಲಿನ ಕೋಟೆ ನೋಡುತ್ತ ಹತ್ತುತ್ತಾರೆ. ನನ್ನನ್ನು ಬುಡದಲ್ಲೇ ಹಿಡಿದು ನಿಲ್ಲಿಸಿದ್ದು ರೈಲು ಹಳಿಯಾಚೆಯ ಬೀಳಿನಲ್ಲಿ ಮೊಣಕಾಲೆತ್ತರ ಬೆಳೆದಿದ್ದ ಒಂದು ಮುಳ್ಳುಗಿಡ. ರಾಗಿ ಕೊಯ್ಲು ಮುಗಿದಿತ್ತು, ಹುಲ್ಲು ಒಣಗಿತ್ತು. ಅದೊಂದು ಮಾತ್ರ ಮೈತುಂಬ ಹೂ ಬಿಟ್ಟಿತ್ತು.

ಕುರಿ ಮೇಯಿಸುತ್ತಿದ್ದ ಅಜ್ಜ ಕೂಗಿ ಹೇಳಿದರು: “ಮುಟ್ಬೇಡಿ ಸ್ವಾಮಿ, ಬ್ರಹ್ಮದಂಡೆ ಅದು. ಕುರಿನೂ ಬಾಯಿ ಹಾಕಲ್ಲ.”

ಮುಟ್ಟದೆ ಇರಲಾಗಲಿಲ್ಲ. ಎಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮಗುಚಿದೆ. ಮೇಲೆ ಹಸಿರು, ಅಡಿಯಲ್ಲಿ ಬೆಳ್ಳನೆಯ ತುಪ್ಪಳ. ಆಳವಾಗಿ ಸೀಳಿದ ಅಂಚಿನ ತುದಿತುದಿಗೂ ಮುಳ್ಳು. ಕೊಂಬೆಯ ಕೊನೆಗೆ ಉರುಟು ಚೆಂಡು. ಒಂದೇ ಹೂವೆಂದು ತೋರುವ ಆ ಚೆಂಡು ಹೂಗಳದೇ ಒಂದು ಊರು: ಒಂದೊಂದು ಪುಟ್ಟ ಹೂವಿಗೂ ಐದು ಸೀಳಿನ ಬಿಳಿ ದಳ, ಒಂದೊಂದಕ್ಕೂ ಅದರದೇ ಮುಳ್ಳುಬೇಲಿ. ಸೂರ್ಯಕಾಂತಿಯ ಕುಟುಂಬದ್ದೇ ಗಿಡ ಇದು. ಆದರೆ ಸೂರ್ಯಕಾಂತಿ ಅಂಚಿನಿಂದ ನಡುವಿಗೆ ಅರಳುತ್ತ ಹೋದರೆ, ಬ್ರಹ್ಮದಂಡೆ ನೆತ್ತಿಯಿಂದ ಕೆಳಕ್ಕೆ ಇಳಿಯುತ್ತ ಅರಳುತ್ತದೆ. ನೆತ್ತಿಯಲ್ಲಿ ಅರಳಿದ ಬಿಳುಪು, ಕೆಳಗೆ ಇನ್ನೂ ಹಸಿರು ಮೊಗ್ಗು. ಎರಡರ ನಡುವಿನ ಗೆರೆಯಲ್ಲಿ ಜೇನುನೊಣ ಸುತ್ತುತ್ತಿತ್ತು. ಇಷ್ಟು ಬಿಗಿಯಾದ ಕಾವಲು, ಒಳಗೆ ಇಷ್ಟು ಧಾರಾಳ! ಕೋಟೆ ಹತ್ತುವುದು ಮರೆತೇ ಹೋಯಿತು.

ದತ್ತೂರಿಯೂ ಇದೂ ಒಂದೇ ಎಂದುಕೊಂಡವರುಂಟು. ಮುಳ್ಳೆಲೆ ನೋಡಿದರೆ ಹಾಗನ್ನಿಸುವುದು ಸಹಜ. ದತ್ತೂರಿ ಮೆಕ್ಸಿಕೋ ಕಡೆಯಿಂದ ಬಂದದ್ದು, ಗಸಗಸೆಯ ಬಳಗ. ಅದರ ಎಲೆಯಲ್ಲಿ ಬಿಳಿ ನರ ಎದ್ದು ಕಾಣುತ್ತದೆ, ಹೂ ಅಚ್ಚ ಹಳದಿ, ಕಾಂಡ ಮುರಿದರೆ ಹಳದಿ ಹಾಲು ಒಸರುತ್ತದೆ. ಗುರುತು ತಪ್ಪಬಾರದು, ಏಕೆಂದರೆ ಅದರ ಕಾಯಿಯೊಳಗಿನ ಕಪ್ಪು ಬೀಜ ಥೇಟ್ ಸಾಸಿವೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಕಾಲು ಊದಿಕೊಂಡು ನರಳಿದರು, ಹಲವರು ಸತ್ತರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವ ನಮ್ಮ ಸೀಮೆಯವರು ಇದನ್ನು ತಿಳಿದಿರಲೇಬೇಕು.

ದತ್ತೂರಿಗೆ ಕೆದರಿದ ಮಣ್ಣು ಸಾಕು: ಬತ್ತಿದ ಕೆರೆಯಂಗಳ, ಹೆದ್ದಾರಿಯ ಪಕ್ಕ, ತಿಪ್ಪೆಯ ಅಂಚು. ಬ್ರಹ್ಮದಂಡೆ ಹುಡುಕಬೇಕಾದ್ದು ನೀರು ನಿಲ್ಲದ ಬಯಲು ಬೀಳಿನಲ್ಲಿ, ಹೊಲದ ಬದುವಿನಲ್ಲಿ, ಕಲ್ಲುನೆಲದಲ್ಲಿ. ದೇವನಹಳ್ಳಿಯ ಸುತ್ತ ಅಂಥ ಬೀಳುಗಳಿಗೆ ಈಗ ಲೇಔಟಿನ ಕಲ್ಲು ನೆಡುತ್ತಿದ್ದಾರೆ. ಮನೆ ಏಳುವ ತನಕ ಆ ಕಲ್ಲುಗಳ ನಡುವೆಯೂ ಅದು ಬೆಳೆದೀತು. ರಾಗಿ ಕೊಯ್ಲಾದ ಮೇಲೆ ಆ ಕಡೆ ಹೋದರೆ ಗಾಡಿ ನಿಲ್ಲಿಸಿ, ಇಳಿದು ನೋಡಿ.