ಬಂದರಿನ ದಂಡೆ

ಮೇ 12, 2025, ಸೋಮವಾರ

ಹುಣ್ಣಿಮೆಯ ಉಬ್ಬರ ನೋಡಬೇಕೆಂದೇ ಇವತ್ತು ಬಂದರಿಗೆ ಹೋದೆ. ಮಂಗಳೂರಿನ ಹಳೆ ಬಂದರು ಕಡಲಿಗೆ ನೇರ ಮುಖ ಮಾಡಿದ್ದಲ್ಲ. ಅದು ಗುರುಪುರ ನದಿಯ ದಂಡೆಯಲ್ಲಿದೆ. ಎದುರಿಗೆ ಬೆಂಗ್ರೆಯ ಮರಳಪಟ್ಟಿ, ಅದರಾಚೆ ಸಮುದ್ರ. ಬಡಗಿನಿಂದ ಗುರುಪುರ, ತೆಂಕಿನಿಂದ ನೇತ್ರಾವತಿ ಬಂದು ಎರಡೂ ಒಂದೇ ಅಳಿವೆಯಲ್ಲಿ ಹೊರಬೀಳುತ್ತವೆ. ಹಾಗಾಗಿ ಇಲ್ಲಿಯ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ.

ಈ ದಂಡೆಯ ಅಭಿವೃದ್ಧಿ ಯೋಜನೆಗೆ ನಮ್ಮ ತಂಡ ಮಾಡಿದ ಕರಡು ನಕ್ಷೆಯಲ್ಲಿ ನೀರಿನ ಅಂಚು ಒಂದೇ ಒಂದು ಗೆರೆ. ಗೆರೆಯುದ್ದಕ್ಕೂ ಗೋಡೆ, ಗೋಡೆಯ ಮೇಲೆ ನಡೆದಾರಿ, ಕಂಬಿಬೇಲಿ, ಕಲ್ಲುಬೆಂಚು. ಆದರೆ ಕಣ್ಣಿಗೆ ಕಂಡಿದ್ದು ಗೆರೆಯಲ್ಲ, ಇಳಿಜಾರು. ಅದರ ಮೇಲೆ ಎಳೆದಿಟ್ಟ ದೋಣಿಗಳು, ಕಟ್ಟಿದ ಹಗ್ಗಗಳು, ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರ ಹೆಜ್ಜೆಗಳು. ಉಬ್ಬರ ಬಂದಾಗ ಅರ್ಧ ಮುಳುಗಿತು. ಅಳತೆ ಪಟ್ಟಿ ಹಿಡಿದ ನನ್ನನ್ನು ನೋಡಿ ಒಬ್ಬರು ಕೇಳಿದರು: "ಎಂತ ಅಳೆಯುವುದು ಸರ್? ಗೋಡೆ ಕಟ್ಟಿದರೆ ದೋಣಿ ಎಲ್ಲಿಂದ ಹತ್ತಿಸುವುದು ಮಾರಾಯ್ರೆ?"

ಈ ಪ್ರಶ್ನೆಗೆ ಉತ್ತರ ಸಿಗದೆ ನಕ್ಷೆ ಮುಂದಕ್ಕೆ ಹೋಗಬಾರದು.

ಮೇ 16

ಬೆಳಕು ಹರಿಯುವ ಮೊದಲೇ ದಕ್ಕೆ ತಲುಪಿದೆ. ಬೋಟುಗಳಿಂದ ಬಂಗುಡೆ, ಬೂತಾಯಿ ಇಳಿಯುತ್ತಿದ್ದವು. ಏಲಂ ಕೂಗು, ಐಸ್ ಪುಡಿ ಮಾಡುವ ಯಂತ್ರದ ಗದ್ದಲ, ಹಿಮ್ಮುಖವಾಗಿ ಬರುವ ಲಾರಿಗಳು. ಬುಟ್ಟಿ ತುಂಬಿಸಿಕೊಂಡು ಹೊರಟ ಹೆಂಗಸರಿಗೆ ನಿಲ್ಲಲೂ ಪುರುಸೊತ್ತಿಲ್ಲ. ಒಬ್ಬ ಅಕ್ಕ ಮಾತ್ರ ಕೇಳಿದರು: "ನಿಮ್ಮ ಹೊಸ ದಾರಿಯಲ್ಲಿ ಬುಟ್ಟಿ ಇಡ್ಲಿಕ್ಕೆ ಬಿಡ್ತಾರಾ?" ಬಿಡಬೇಕು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಯೋಜನೆಯ ಚಿತ್ರಗಳಲ್ಲೆಲ್ಲ ಸಂಜೆ ಐದೂವರೆಯ ಬಿಸಿಲು. ಈ ದಂಡೆಗೆ ಜೀವ ಬರುವುದು ನಸುಕಿನಲ್ಲಿ.

ಆಮೇಲೆ ಕಡವಿನಲ್ಲಿ ನಿಂತು ನೋಡಿದೆ. ಶಾಲೆಗೆ, ಸಂತೆಗೆ, ವೆನ್ಲಾಕ್ ಆಸ್ಪತ್ರೆಗೆ ಬೆಂಗ್ರೆಯವರು ದೋಣಿಯಲ್ಲೇ ದಾಟುತ್ತಾರೆ. ರಸ್ತೆಯಲ್ಲಾದರೆ ತಣ್ಣೀರುಬಾವಿ, ಕೂಳೂರು ಸುತ್ತಿ ಬರಬೇಕು. ಮಳೆ ನಿಲ್ಲುವಂಥ ಸೂರು, ಮುದುಕರು ಹಿಡಿದು ಇಳಿಯಲು ಗಟ್ಟಿ ಕಂಬಿ, ಒಂದು ಶೌಚಾಲಯ: ಮೊದಲ ಕಂತಿನ ಹಣ ಇದಕ್ಕೆ ಹೋಗಲಿ. ಬಣ್ಣದ ದೀಪ ಆಮೇಲೆ.

ಮೇ 20

ಕಚೇರಿಯಲ್ಲಿ ಮತ್ತೆ ಸಾಬರಮತಿಯ ಮಾತು. ಅಹಮದಾಬಾದಿನ ಆ ದಂಡೆಯನ್ನು ನಾನೂ ನಡೆದು ನೋಡಿದ್ದೇನೆ. ಕೆಳಗಿನ ಹಂತದ ಉದ್ದನೆಯ ನಡೆದಾರಿ ಚೆನ್ನಾಗಿದೆ, ಸಂಜೆ ಜನ ನಿಜಕ್ಕೂ ಬರುತ್ತಾರೆ. ಆದರೆ ಅಲ್ಲಿ ನದಿಯ ಅಗಲವನ್ನು ಉದ್ದಕ್ಕೂ 263 ಮೀಟರಿಗೆ ಕಟ್ಟಿಹಾಕಿದರು, ವರ್ಷದ ಹೆಚ್ಚು ಕಾಲ ಬತ್ತುತ್ತಿದ್ದ ಪಾತ್ರಕ್ಕೆ ನರ್ಮದಾ ಕಾಲುವೆಯ ನೀರು ತುಂಬಿಸಿದರು. ದಂಡೆಯಲ್ಲಿ ಬದುಕುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋಗಬೇಕಾಯಿತು. ಪುನರ್ವಸತಿಗಾಗಿ ಹೈಕೋರ್ಟಿನವರೆಗೂ ಹೋಗಬೇಕಾಯಿತು. ಉಬ್ಬರವಿಳಿತವಿಲ್ಲದ ನದಿಗೆ ಹೊಂದಿದ ಗೋಡೆಯನ್ನು ಅಳಿವೆಯ ಬಾಯಿಗೆ ತಂದು ನಿಲ್ಲಿಸುವುದು ಯಾವ ಲೆಕ್ಕ?

ನಮ್ಮ ಊರಿನ ದಂಡೆಯಂತೂ ಯಾವತ್ತೂ ದುಡಿಮೆಯ ಜಾಗವೇ. 1865ರಲ್ಲಿ ಬಾಸೆಲ್ ಮಿಷನ್ ಜಪ್ಪುವಿನಲ್ಲಿ, ನೇತ್ರಾವತಿಯ ಬದಿಯಲ್ಲೇ ಹಂಚಿನ ಕಾರ್ಖಾನೆ ಹಾಕಿತು. ಮಣ್ಣು, ಸೌದೆ ಬಂದದ್ದೂ, ಹಂಚು ಹೊರಟದ್ದೂ ದೋಣಿಯಲ್ಲಿ. ಎಪ್ಪತ್ತರ ದಶಕದಲ್ಲಿ ಪಣಂಬೂರಿಗೆ ದೊಡ್ಡ ಬಂದರು ಹೋದ ಮೇಲೂ ಇಲ್ಲಿಂದ ಲಕ್ಷದ್ವೀಪಕ್ಕೆ ಮಂಜಿ ಹಡಗುಗಳು ಸರಕು ಹೊತ್ತು ಹೋಗುತ್ತಿವೆ.

ಮೇ 25

ಮಳೆ. ನಿನ್ನೆಯೇ ಕೇರಳಕ್ಕೆ ಮುಂಗಾರು ಬಂತು, ಇಷ್ಟು ಬೇಗ ಬಂದದ್ದು 2009ರ ಬಳಿಕ ಇದೇ ಮೊದಲು. ಇಲ್ಲಿಯೂ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಅಮಾವಾಸ್ಯೆ ಹತ್ತಿರ ಬೇರೆ. ಕೊಡೆ ಹಿಡಿದುಕೊಂಡು ತೋಡಿನ ಬಾಯಿಯ ಬಳಿ ನಿಂತೆ. ಮೇಲಿನಿಂದ ಪೇಟೆಯ ನೀರು ನುಗ್ಗಿ ಬರುತ್ತಿದೆ, ಹೊರಗಿನಿಂದ ಉಬ್ಬರ ತಳ್ಳುತ್ತಿದೆ. ಎರಡರ ನಡುವೆ ನೀರು ಗಲ್ಲಿಗೆ ಹಿಂದಿರುಗುತ್ತಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರು. ದಂಡೆಯುದ್ದಕ್ಕೂ ಗೋಡೆ ಎಬ್ಬಿಸಿದರೆ ಅಂಗಳಗಳಿಂದ ನೇರ ನದಿಗೆ ಜಾರುವ ನೀರೂ ತೋಡುಗಳ ಪಾಲಿಗೆ ಬೀಳುತ್ತದೆ. ತೋಡಿನ ಬಾಯಿಗೆ ಒಳನೀರನ್ನು ಬಿಟ್ಟು ಹೊರನೀರನ್ನು ತಡೆಯುವ ಬಾಗಿಲು ಹಾಕಬಹುದು. ಆದರೆ ಉಬ್ಬರವಿರುವಷ್ಟು ಹೊತ್ತೂ ಬಾಗಿಲು ಮುಚ್ಚಿರುತ್ತದೆ. ಆಗ ಒಳಗಿನ ನೀರು ತುಂಬಿಕೊಳ್ಳಲು ತಗ್ಗು ಜಾಗ ಬೇಕು. ನಕ್ಷೆಯಲ್ಲಿ ಅಂಥ ಜಾಗವನ್ನು ವಾಹನ ನಿಲುಗಡೆಗೆ ಕೊಟ್ಟಿದ್ದಾರೆ. ಅದನ್ನು ವಾಪಸು ಕೇಳಬೇಕು.

ಜೂನ್ 3

ಯಾಂತ್ರಿಕ ಮೀನುಗಾರಿಕೆಗೆ ರಜೆ ಶುರುವಾಗಿದೆ, ಜುಲೈ ಕೊನೆಯವರೆಗೆ. ನದಿಯ ತುಂಬ ಬೋಟುಗಳು, ಒಂದರ ಮೈಗೊಂದು ತಾಗಿ. ದಡದಲ್ಲಿ ಬಲೆ ಬಿಡಿಸಿ ಹರಿದದ್ದನ್ನು ಹೆಣೆಯುತ್ತಿದ್ದಾರೆ, ಎಂಜಿನ್ ಬಿಚ್ಚುತ್ತಿದ್ದಾರೆ. ಬಲೆ ಹರಡಲು ಬೇಕಾಗುವ ಜಾಗ ಎಷ್ಟೆಂದು ಇವತ್ತೇ ಕಣ್ಣಾರೆ ಕಂಡದ್ದು.

ಅಲ್ಲೇ ಒಂದು ಯೋಚನೆ ಹೊಳೆಯಿತು, ಮನೆಗೆ ಬಂದ ಮೇಲೂ ಬಿಡುತ್ತಿಲ್ಲ. ಬಲೆಗೆ ಬಯಲು ಹೆಚ್ಚು ಬೇಕಾಗುವುದು ಜೂನ್-ಜುಲೈಯಲ್ಲಿ. ಗಾಳಿ ಸೇವನೆಗೆ ಬರುವವರು ಈ ಎರಡು ತಿಂಗಳು ಇತ್ತ ತಲೆ ಹಾಕುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಸಂಜೆ ಅವರು ಬರುತ್ತಾರೆ. ಆಗ ಏಲಂ ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಒಂದೇ ನೆಲ ಇಬ್ಬರಿಗೂ ಸಾಕು. ಅದಕ್ಕೆ ಬೇಕಾದದ್ದು ಇಷ್ಟೇ: ನೆಲಕ್ಕೆ ಏನನ್ನೂ ಶಾಶ್ವತವಾಗಿ ನೆಡಬಾರದು. ಹೂಕುಂಡ, ಬೆಂಚು, ಕಾರಂಜಿ ಬಂದವೋ, ಮೊದಲು ಎದ್ದುಹೋಗುವುದು ಬಲೆ.

ಜೂನ್ 8

ರಾತ್ರಿ ಕೂತು ಹಾಳೆ ತಿದ್ದಿದೆ. ದೋಣಿ ಹತ್ತಿಸುವ ಕಡೆಗಳಲ್ಲೆಲ್ಲ ಗೋಡೆ ಕಡಿದು, ನೀರಿನವರೆಗೆ ಒರಟು ಕಲ್ಲಿನ ಇಳಿಜಾರು. ಅಲ್ಲಿ ನಡೆದಾರಿ ಹಿಂದೆ ಸರಿದು ಸುತ್ತಿಕೊಂಡು ಹೋಗುತ್ತದೆ. ಬೆಂಚುಗಳು ಹಿಂದಿನ ಮರಗಳ ಸಾಲಿಗೆ, ಮುಂದೆ ಖಾಲಿ ನೆಲ. ದೋಣಿ, ಬಲೆ, ಬುಟ್ಟಿಯ ಜಾಗಗಳಿಗೆ ಬಣ್ಣ ಹಾಕಿ ಹೆಸರು ಬರೆದೆ. ಹೆಸರಿಲ್ಲದ ಜಾಗವನ್ನು ಮುಂದೆ ಯಾರಾದರೂ ಅಂಗಡಿ ಮಳಿಗೆಗೆ ಕೊಟ್ಟುಬಿಡುತ್ತಾರೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಉಬ್ಬರ ತಲುಪುವ ನದಿಗಳಲ್ಲಿ ದಂಡೆಯಿಂದ 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಯಮ ಅನ್ವಯ. ಆ ಗೆರೆಯನ್ನೂ ದಪ್ಪಗೆ ಎಳೆದೆ.

ಜನರ ಸಭೆಯನ್ನು ಕಚೇರಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಕರೆಯುವ ಪ್ರಸ್ತಾಪವಿದೆ. ಅದಕ್ಕೆ ಒಪ್ಪುವುದಿಲ್ಲ. ಆ ಹೊತ್ತಿಗೆ ಮೀನಿನ ಹೆಂಗಸರು ಮನೆಮನೆ ತಿರುಗುತ್ತಿರುತ್ತಾರೆ. ಸಭೆ ದಕ್ಕೆಯ ಸೂರಿನಡಿಯಲ್ಲೇ ಆಗಲಿ, ಸಂಜೆ ಆಗಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಮಾತಾಡಬಲ್ಲವರು ನಕ್ಷೆ ವಿವರಿಸಲಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದನ್ನು ಕೇಳಿ ಕಚೇರಿಗೆ ಪತ್ರ ಬರೆಯುವುದು.